ಅಕ್ಕನ ಗೆರೆ

ನಮ್ಮಕ್ಕನಿಗೆ ನೋವೇ ಆಗುವುದಿಲ್ಲ ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದರು. ನಂಬಿ ಸುಮ್ಮನಿರುತ್ತಿರಲಿಲ್ಲ, ಬಂದವರ ಮುಂದೆಲ್ಲ ಹೇಳಿಕೊಂಡು ಮೆರೆಯುತ್ತಿದ್ದರು. ಬೇರೆ ಮನೆಗಳಲ್ಲಿ ಮಗಳು ಚೆನ್ನಾಗಿ ಹಾಡುತ್ತಾಳೆ, ಓದಿನಲ್ಲಿ ಮುಂದಿದ್ದಾಳೆ ಎನ್ನುವ ಹಾಗೆ ನಮ್ಮಮ್ಮ, "ನಮ್ಮ ದೊಡ್ಡವಳು ಕೈ ಸುಟ್ಕೊಂಡ್ರೂ ತುಟಿ ಪಿಟಕ್ಕನ್ನಲ್ಲ," ಎನ್ನುತ್ತಿದ್ದಳು. ಆ ಮಾತು ನೆನಪಾದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಕೈ ಸುಟ್ಟುಕೊಂಡ ಮಗುವಿಗೆ ಮುಲಾಮು ಹಚ್ಚುವುದು ಬಿಟ್ಟು ಹೊಗಳಿ ಅಟ್ಟಕ್ಕೇರಿಸುವ ಮನೆ ಅದೆಂಥ ಮನೆ?

ನಾನು ಅವಳ ತಂಗಿ. ನನ್ನದು ಪೂರ್ತಿ ಉಲ್ಟಾ. ಕಾಲಿಗೊಂದು ಮುಳ್ಳು ಚುಚ್ಚಿದರೆ ಬೀದಿಯ ಕೊನೆಯ ಮನೆಯವರಿಗೂ ಗೊತ್ತಾಗಬೇಕು. ಅಕ್ಕನ ಮದುವೆಯಾದ ಮೇಲೆ ಭಾವ ನನಗೆ 'ಸೈರನ್' ಎಂದು ಹೆಸರಿಟ್ಟರು. ಅವರು ಟ್ಯಾಕ್ಸಿ ಓಡಿಸುವವರು, ದಿನವಿಡೀ ಹಾರ್ನ್ ಕೇಳಿ ಕೇಳಿ ಅವರಿಗೆ ಹೊಳೆದದ್ದು ಅದೇ. ನಾನೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಕಿರುಚುವವಳ ಹತ್ತಿರ ಜನ ಓಡಿ ಬರುತ್ತಾರೆ ಎಂಬುದನ್ನು ನಾನು ಚಿಕ್ಕಂದಿನಲ್ಲೇ ಕಂಡುಕೊಂಡಿದ್ದೆ.

ಅಕ್ಕನಿಗೂ ಎಲ್ಲರಂತೆ ನೋವಾಗುತ್ತದೆ ಎಂದು ಗೊತ್ತಿದ್ದವಳು ನಾನೊಬ್ಬಳೇ. ನಾವಿಬ್ಬರೂ ಒಂದೇ ಮಂಚದಲ್ಲಿ ಮಲಗುತ್ತಿದ್ದೆವು. ಮಂಚ ಸಣ್ಣದು, ಹಾಗಾಗಿ ಅವಳ ತಲೆ ಆ ಕಡೆ, ನನ್ನ ತಲೆ ಈ ಕಡೆ. ಕಣ್ಣು ಬಿಟ್ಟರೆ ನನಗೆ ಕಾಣುತ್ತಿದ್ದದ್ದು ಅವಳ ಪಾದ. ಹಲ್ಲು ನೋವೋ ಹೊಟ್ಟೆ ನೋವೋ ಬಂದಾಗ ಅವಳ ಎಡಗಾಲಿನ ಹೆಬ್ಬೆರಳು ಮೆಲ್ಲಗೆ ಒಳಕ್ಕೆ ಮಡಚಿಕೊಳ್ಳುತ್ತಿತ್ತು. ಮುಖ ನೋಡಿದರೆ ಏನೂ ಇಲ್ಲ. ಅಡುಗೆಮನೆಯಲ್ಲಿ ಅವಳ ಕೈ ಮೇಲೆ ಬಿಸಿ ಎಣ್ಣೆ ಸಿಡಿದಾಗಲೂ ನಾನು ನೋಡಿದ್ದು ಕಾಲನ್ನೇ.

ಅವಳ ಹೆರಿಗೆಯ ದಿನದ ಕತೆ ಕೇಳಿ. ಆಸ್ಪತ್ರೆಯಲ್ಲಿ ಕಿರುಚುವವರನ್ನೆಲ್ಲ ಒಬ್ಬೊಬ್ಬರಾಗಿ ಒಳಗೆ ಕರೆದುಕೊಂಡರು. ಕಿರುಚದ ನಮ್ಮಕ್ಕ ಕಾರಿಡಾರಿನ ಬೆಂಚಿನ ಮೇಲೆ, ಬಸ್ಸಿಗೆ ಕಾದವಳ ಹಾಗೆ ಕೂತಿದ್ದಳು. ನಾನು ಪಕ್ಕದಲ್ಲಿದ್ದೆ. ಹೆಬ್ಬೆರಳು ಮಡಚಿದ್ದು ಮತ್ತೆ ಬಿಚ್ಚಿಕೊಳ್ಳಲೇ ಇಲ್ಲ. ನನಗೆ ತಡೆಯಲಾಗದೆ ಸೂರು ಹಾರಿಹೋಗುವಂತೆ ಕಿರುಚಿದೆ. ನರ್ಸ್ ಓಡಿ ಬಂದು, "ಏನಮ್ಮ, ನಿನಗೆಷ್ಟು ತಿಂಗಳು?" ಎಂದು ನನ್ನ ಹೊಟ್ಟೆ ಮುಟ್ಟಿ ನೋಡಿದಳು. ಅಷ್ಟರಲ್ಲಿ ಮಗು ಬಂದೇಬಿಟ್ಟಿತು, ಅಲ್ಲೇ ನೆಲ ಒರೆಸುತ್ತಿದ್ದವಳ ಕೈಗೆ. ತಾಯಿಯೂ ಮಗುವೂ ಉಳಿದರು ಅನ್ನುವುದು ಬೇರೆ ಮಾತು. ಆಮೇಲೆ ನಮ್ಮ ಮನೆಯವರು ಹೇಳಿಕೊಂಡು ತಿರುಗಿದ್ದೇನು ಗೊತ್ತೇ? "ಬೆಂಚಿನ ಮೇಲೆ ಉಸಿರೆತ್ತದೆ ಹೆತ್ತ ಗಟ್ಟಿಗಿತ್ತಿ." ಆಸ್ಪತ್ರೆಯವರನ್ನು ಬೈಯುವವರು ಒಬ್ಬರೂ ಇಲ್ಲ.

ಮಗಳು ಶಾಲೆಗೆ ಹೋಗುವಷ್ಟಾದ ಮೇಲೆ ಅಕ್ಕ ಕೆಲಸಕ್ಕೆ ಸೇರಿದಳು. ಒಂದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಆಸ್ಪತ್ರೆಗಳಿಗೆ ರೋಬೋಟ್ ಮಾಡುವ ಸಣ್ಣ ಕಂಪನಿ ಇತ್ತು. ಮೆಟ್ಟಿಲು ಹತ್ತುವಾಗ ರಬ್ಬರಿನ ವಾಸನೆ ಮೂಗಿಗೆ ಅಡರುತ್ತಿತ್ತು. ಒಳಗೆ ಹೋದರೆ ಗೋಡೆಯುದ್ದಕ್ಕೂ ವೈರುಗಳು, ಮೂಲೆಯಲ್ಲಿ ಯಾರದೋ ಟೋಪಿ ಹಾಕಿಕೊಂಡು ನಿಂತ ಪ್ಲಾಸ್ಟಿಕ್ ಅಸ್ಥಿಪಂಜರ. ಅಕ್ಕ ಸೇರಿದ್ದು ಕಸ ಗುಡಿಸಿ ಟೀ ಮಾಡಿಕೊಡಲು. ಒಂದು ದಿನ ಪರೀಕ್ಷೆಗೆ ಕೂರಬೇಕಿದ್ದವರು ಬರಲಿಲ್ಲ. ಅಲ್ಲಿನ ಎಂಜಿನಿಯರ್, ಕನ್ನಡಕವನ್ನು ಸದಾ ನೆತ್ತಿಯ ಮೇಲಿಟ್ಟುಕೊಂಡು ಮೇಜಿನ ಮೇಲೆ ಹುಡುಕುವ ಹೆಂಗಸು, "ಅಕ್ಕಾ, ಸ್ವಲ್ಪ ಹೊತ್ತು ನೀವೇ ಕೂತ್ಕೊತೀರಾ?" ಎಂದು ಕೇಳಿದಳು. ಅಕ್ಕ ಕೈ ಒರೆಸಿಕೊಂಡು ಕೂತಳು. ಕೂತವಳು ವರ್ಷಗಟ್ಟಲೆ ಏಳಲಿಲ್ಲ.

ಆ ಯಂತ್ರ ಹೇಗಿದೆ ಎಂದು ಹೇಳಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ಹಲ್ಲಿನ ಡಾಕ್ಟರ ಬಳಿ ಇರುವಂಥ ನೀಲಿ ರೆಕ್ಸಿನ್ ಕುರ್ಚಿ. ಪಕ್ಕದಲ್ಲಿ ಒಂದು ಲೋಹದ ತೋಳು. ಪೆಟ್ಟು ಬಿದ್ದು ಇಲ್ಲವೇ ಪಾರ್ಶ್ವವಾಯು ಹೊಡೆದು ಮರಗಟ್ಟಿದ ನಮ್ಮ ತೋಳನ್ನು ಅದಕ್ಕೆ ಎರಡು ಪಟ್ಟಿಗಳಿಂದ ಬಿಗಿಯುತ್ತಾರೆ. ಅದು ನಮ್ಮ ತೋಳನ್ನು ಮೆಲ್ಲಗೆ ಎತ್ತಿ ಇಳಿಸುತ್ತದೆ. ಪಟ್ಟಿಯೊಳಗೆ ಬಿಸ್ಕತ್ತಿನಷ್ಟು ತೆಳು ಲೋಹದ ತುಂಡುಗಳಿವೆ. ನಮ್ಮ ತೋಳು ಬೇಡವೆಂದು ಬಿಗಿಯಾದರೆ ಆ ತುಂಡು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಎಷ್ಟು ಬಾಗಿತು ಎಂಬುದು ಪರದೆಯ ಮೇಲೆ ಮೇಲೇರುವ ಗೆರೆಯಾಗಿ ಕಾಣುತ್ತದೆ. ಸೆನ್ಸರ್ ಎಂದರೆ ಇಷ್ಟೇ. ಎಷ್ಟು ಬಲ ಬಿತ್ತು ಎಂದು ಅದಕ್ಕೆ ಗೊತ್ತು, ಎಷ್ಟು ನೋವಾಯಿತು ಎಂದು ಗೊತ್ತಿಲ್ಲ. ಅದನ್ನು ಹೇಳಿಕೊಡಲು ಮನುಷ್ಯರು ಬೇಕು. ಅದಕ್ಕೇ ಕೂತವರ ಇನ್ನೊಂದು ಕೈಗೆ ಒಂದು ಬಟನ್ ಕೊಟ್ಟು, ನೋವಾದ ತಕ್ಷಣ ಒತ್ತಿ ಎನ್ನುತ್ತಿದ್ದರು.

ಕೂಲಿಗೆಂದು ಬಂದು ಕೂತ ಬೇರೆಯವರೆಲ್ಲ ಗೆರೆ ದಿನಕ್ಕೊಂದು ಎತ್ತರಕ್ಕೆ ಬಂದಾಗ ಬಟನ್ ಒತ್ತುತ್ತಿದ್ದರು. ನಿನ್ನೆ ಮೇಲೆ, ಇವತ್ತು ಕೆಳಗೆ, ನಾಳೆ ಯಂತ್ರ ಅಲುಗುವ ಮೊದಲೇ. ಎಂಜಿನಿಯರುಗಳಿಗೆ ತಲೆ ಕೆಟ್ಟುಹೋಗುತ್ತಿತ್ತು. ಅಕ್ಕ ಮಾತ್ರ ಯಾವತ್ತೂ ಒಂದೇ ಕಡೆ, ಎಲ್ಲರಿಗಿಂತ ಮೇಲೆ, ಅಳೆದು ಹೊಡೆದ ಮೊಳೆಯ ಹಾಗೆ.

"ನನ್ನಷ್ಟು ನೀಟಾಗಿ ಯಾರೂ ಕೂರಲ್ವಂತೆ ಕಣೆ," ಎಂದು ಅಕ್ಕ ನನ್ನ ಮುಂದೆ ಹೇಳಿದಾಗ ಅವಳ ಮುಖ ಅರಳಿತ್ತು. ಅವಳು ತನ್ನ ಬಗ್ಗೆ ತಾನು ಒಳ್ಳೆಯ ಮಾತಾಡಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕತ್ತಿಗೆ ಫೋಟೋ ಇದ್ದ ಕಾರ್ಡು ಬಂತು. ಟೀ ಮಾಡಲು ಬೇರೆಯವರು ಬಂದರು.

"ನೋವಾಗಲ್ವೇನೆ?" ಎಂದು ಕೇಳಿದೆ.

"ಅಭ್ಯಾಸ ಆಗಿದೆ ಬಿಡು."

ಆ ಮಾತಿಗೆ ನನಗೆ ಆಗಲೇ ಸಿಟ್ಟು ಬಂದಿತ್ತು. ಅವಳ ಸಂತೋಷಕ್ಕೆ ತಣ್ಣೀರೆರಚುವುದು ಬೇಡವೆಂದು ಸುಮ್ಮನಾದೆ.

ನನ್ನದು ಇಸ್ತ್ರಿ ಅಂಗಡಿ. ಒಂದು ಮೇಜು, ಒಂದು ಭಾರದ ಪೆಟ್ಟಿಗೆ, ತಲೆಯ ಮೇಲೆ ಗೋಡೆಯಿಂದ ಗೋಡೆಗೆ ಒಂದು ಕಂಬಿ. ಒತ್ತಿದ ಅಂಗಿಗಳನ್ನು ಸ್ಟೂಲ್ ಹತ್ತಿ ಆ ಕಂಬಿಗೆ ತೂಗುಹಾಕಬೇಕು. ಒಂದು ದಿನ ಸ್ಟೂಲಿನ ಕಾಲು ಮುರಿದು, ನಾನು ಮೂರು ಜನರ ಅಂಗಿಗಳ ಸಮೇತ ನೆಲಕ್ಕೆ ಬಿದ್ದೆ. ಬಲಭುಜದ ಮೂಳೆ ಮುರಿಯಿತು. ಪ್ಲೇಟು ಹಾಕಿದರು. ಕಟ್ಟು ಬಿಚ್ಚಿದ ಮೇಲೆ ನೋಡಿದರೆ ಕೈ ಎದೆಯ ಮಟ್ಟಕ್ಕೂ ಏಳುತ್ತಿಲ್ಲ. ಎಡಗೈಯಲ್ಲಿ ಇಸ್ತ್ರಿ ಮಾಡಿಕೊಟ್ಟ ಅಂಗಿ ನೋಡಿ ಒಬ್ಬ ಗಿರಾಕಿ, "ಇದನ್ನ ಹಸು ಅಗಿದಿತ್ತಾ?" ಎಂದ. ಬಾಯಿಗೆ ಬಂದಂತೆ ಬೈದೆ, ಆದರೆ ಅವನು ಹೇಳಿದ್ದು ನಿಜವಾಗಿತ್ತು. ಡಾಕ್ಟರ್ ಖಡಾಖಂಡಿತವಾಗಿ ಹೇಳಿದರು: ಈಗಿಂದಲೇ ಆಡಿಸದಿದ್ದರೆ ಭುಜ ಹೀಗೇ ಹಿಡಿದುಕೊಂಡುಬಿಡುತ್ತದೆ, ಆಮೇಲೆ ಇಸ್ತ್ರಿ ಪೆಟ್ಟಿಗೆಯ ಆಸೆ ಬಿಟ್ಟುಬಿಡಿ.

"ಆ ಆಸ್ಪತ್ರೇಲಿ ನಮ್ಮ ಮಿಷಿನ್ನೇ ಇರೋದು," ಎಂದಳು ಅಕ್ಕ. "ಹೆದರ್ಬೇಡ ಕಣೆ. ಅದು ನನ್ನ ಕೈ ಹಿಡ್ಕೊಂಡೇ ಕಲಿತಿದ್ದು."

ನಾನು ನಂಬಿ ಹೋದೆ.

ಫಿಸಿಯೋ ಕೆಲಸದವನು ನಗುಮುಖದವನೇ. ಪಟ್ಟಿ ಬಿಗಿದ. ನನ್ನ ಎಡಗೈ ತಾನಾಗಿಯೇ ಬಟನ್ ಹುಡುಕಿತು. ಕುರ್ಚಿಯ ಕೈಯಲ್ಲಿ ಬಟನ್ನಿನ ವೈರು ಬರಬೇಕಾದ ಜಾಗದಲ್ಲಿ ಒಂದು ತೂತು ಇತ್ತು, ಅದಕ್ಕೆ ಪ್ಲಾಸ್ಟಿಕ್ ಬಿರಡೆ ಹಾಕಿದ್ದರು.

"ಬಟನ್ ಎಲ್ಲಪ್ಪ?"

"ಅದನ್ನ ಕಂಪನಿಯವರೇ ತೆಗೆದುಹಾಕಿದ್ರಮ್ಮ. ರೋಗಿಗಳ ಕೈಗೆ ಕೊಟ್ರೆ ಸುಮ್‌ಸುಮ್ನೆ ಒತ್ತುತ್ತಾರೆ, ಚಿಕಿತ್ಸೆನೇ ಮುಂದಕ್ಕೆ ಹೋಗಲ್ಲ. ನಿಲ್ಲಿಸೋ ಸ್ವಿಚ್ಚು ನನ್ನ ಹತ್ರ ಇದೆ."

ನೋವು ನನ್ನದು, ಸ್ವಿಚ್ಚು ಅವನದು. ನನಗೆ ಪಿತ್ತ ನೆತ್ತಿಗೇರುವಷ್ಟರಲ್ಲಿ ಯಂತ್ರ ಶುರುವಾಯಿತು. ಮೊದಮೊದಲು ಚೆನ್ನಾಗಿಯೇ ಇತ್ತು, ಯಾರೋ ಕೈ ಹಿಡಿದು ಎಬ್ಬಿಸಿದ ಹಾಗೆ. ಆಮೇಲೆ ಅದು ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ನನ್ನ ಭುಜದೊಳಗೆ ಹಳೆಯ ಬಟ್ಟೆ ಹರಿದಂತಾಯಿತು. ನಾನು ಕಿರುಚಿದೆ. ಹೊರಗೆ ಸಾಲಿನಲ್ಲಿ ಕೂತವರೆಲ್ಲ ಎದ್ದು ನಿಂತರು.

"ಅಮ್ಮಾ, ಅಮ್ಮಾ, ಇಲ್ಲಿ ನೋಡಿ," ಎಂದು ಅವನು ಪರದೆ ತೋರಿಸಿದ. "ನಿಮ್ಮ ಗೆರೆ ಇನ್ನೂ ಕೆಂಪು ಗೆರೆ ಮುಟ್ಟೇ ಇಲ್ಲ. ಈ ಕೆಂಪು ಗೆರೆಯೊಳಗೆ ಯಾರಿಗೂ ನೋವಾಗಲ್ಲ. ಪರೀಕ್ಷೆ ಮಾಡಿ ಇಟ್ಟಿರೋದು."

"ನಿಲ್ಸೋ ಮೊದ್ಲು!"

ನಿಲ್ಲಿಸಿದ. ಕಿರುಚುವವಳು ಎಂಬ ಒಂದೇ ಕಾರಣಕ್ಕೆ ನಿಲ್ಲಿಸಿದ ಎಂದು ನನಗೆ ಗೊತ್ತು. ನನ್ನ ಹಿಂದೆ ಕಾಯುತ್ತಿದ್ದ ವಯಸ್ಸಾದ ಲಾರಿ ಡ್ರೈವರ್ ಒಬ್ಬರು ಕಿರುಚುವವರಲ್ಲ. ಅವರ ಸರದಿ ಮುಗಿದಾಗ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ಮುಖ ಬಿಳುಚಿತ್ತು. "ನನ್ನ ಕೈ ಹಿಂಗೇ ಇರ್ಲಿ ಬಿಡಮ್ಮ, ನಾಳೆಯಿಂದ ಬರಲ್ಲ," ಎಂದು ನನಗೆ ಹೇಳಿ ಹೋದರು.

ಫಿಸಿಯೋ ನಿಟ್ಟುಸಿರು ಬಿಟ್ಟ. "ಜನಕ್ಕೆ ಸೋಮಾರಿತನ. ನಾಲ್ಕು ದಿನ ಬಂದು ಬಿಟ್ಟುಬಿಡ್ತಾರೆ. ಕಂಪನಿಯವರು ಎಷ್ಟು ಕಷ್ಟಪಟ್ಟು ಅಕ್ಕನ ಗೆರೆ ಕಂಡುಹಿಡಿದಿದ್ದಾರೆ..."

"ಯಾವ ಗೆರೆ?"

"ಈ ಕೆಂಪುದು. ಟ್ರೈನಿಂಗ್ ಕೊಡೋಕೆ ಬಂದೋರು ಹಾಗೇ ಕರೀತಿದ್ರು. ಅವರಲ್ಲಿ ಯಾರೋ ಒಬ್ಬರು ಅಕ್ಕ ಇದ್ದಾರಂತೆ, ಅವರನ್ನ ಕೂರಿಸಿ ಅಳೆದಿದ್ದಂತೆ."

ಆ ಕೆಂಪು ಗೆರೆಯನ್ನೇ ನೋಡಿದೆ. ಆ ಮಹಡಿಯ ಮೇಲೆ ತುಟಿ ಕಚ್ಚಿಕೊಂಡು ಕೂತ ನಮ್ಮಕ್ಕ ಅದರಲ್ಲಿದ್ದಳು. ಅದೇ ಗೆರೆಯನ್ನು ಎಷ್ಟು ಆಸ್ಪತ್ರೆಗಳಲ್ಲಿ, ಎಷ್ಟು ಮುರಿದ ಭುಜಗಳ ಮೇಲೆ ಎಳೆದಿದ್ದಾರೋ!

ಅಲ್ಲಿಂದ ನೆಟ್ಟಗೆ ಬಸ್ಸು ಹತ್ತಿ ಅಕ್ಕನ ಮನೆಗೆ ಹೋದೆ. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡೇ ಬಾಗಿಲನ್ನು ಕಾಲಿನಿಂದ ಬಡಿದೆ. ಭಾವ ತೆಗೆದರು. ನನ್ನ ಮುಖ ನೋಡಿ, ಏನೂ ಕೇಳದೆ ಪಕ್ಕಕ್ಕೆ ಸರಿದರು. ಅಕ್ಕ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದಳು. ಕೆಲವು ತಿಂಗಳ ಹಿಂದೆ ಅವಳು ಸೊಂಟದವರೆಗಿದ್ದ ಕೂದಲನ್ನು ಕುತ್ತಿಗೆಯ ಮಟ್ಟಕ್ಕೆ ಕತ್ತರಿಸಿಕೊಂಡಿದ್ದಳು. "ಕಾರ್ಡು ಬಂದ ಮೇಲೆ ಸ್ಟೈಲೂ ಬಂತು," ಎಂದು ನಾನು ಆಗ ಚೆನ್ನಾಗಿ ಕಾಡಿಸಿದ್ದೆ.

"ಬಂದ್ಯಾ? ಹೇಗಿತ್ತು?" ಎಂದಳು. ಆಮೇಲೆ ಭಾವನಿಗೆ, "ರೀ, ಮೇಲಿರೋ ಸಕ್ಕರೆ ಡಬ್ಬ ಸ್ವಲ್ಪ ಇಳಿಸಿಕೊಡಿ, ಇವಳಿಗೆ ಟೀ ಮಾಡ್ತೀನಿ," ಎಂದಳು.

"ಟೀ ಗೀ ಏನೂ ಬೇಡ. ನಾನು ಕೇಳಿದ್ದಕ್ಕೆ ಉತ್ತರ ಹೇಳು. ಅಲ್ಲಿ ಕೂತಾಗ ನೀನು ಬಟನ್ ಯಾವಾಗ ಒತ್ತುತ್ತಿದ್ದೆ?"

"ಇನ್ನು ತಡ್ಕೊಳ್ಳೋಕೆ ಆಗೋದೇ ಇಲ್ಲ ಅನ್ನಿಸಿದಾಗ."

"ನೋವಾದ ತಕ್ಷಣ ಒತ್ತಿ ಅಂತ ಹೇಳಿರ್ಲಿಲ್ವಾ?"

"ಹೇಳಿದ್ರು." ಅಕ್ಕ ನನ್ನನ್ನು ಪೆದ್ದಿಯ ಹಾಗೆ ನೋಡಿದಳು. "ಬಾಯಿಮಾತಿಗೆ ಹಾಗಂತಾರೆ. ನೋವಾದ ತಕ್ಷಣ ಒತ್ತಿಬಿಟ್ರೆ ಅದೇನು ಕೆಲಸ? ನಾನೇನು ಅಲ್ಲಿಗೆ ಆಟ ಆಡೋಕೆ ಹೋಗ್ತಿದ್ನಾ?"

ಇದನ್ನು ಎಲ್ಲಿಗೆ ಹೋಗಿ ಹೇಳಿಕೊಳ್ಳಲಿ! ಬೇರೆ ಯಾರಾದರೂ ಆ ಕುರ್ಚಿಯಲ್ಲಿ ಕೂತಿದ್ದರೆ ಕಳ್ಳಾಟ ಆಡಿ ಬೇಗ ಒತ್ತುತ್ತಿದ್ದರು. ನಮ್ಮಕ್ಕ ನಿಯತ್ತಿನಿಂದ ತಡವಾಗಿ ಒತ್ತಿದ್ದಳು. ನೋವಾಗುತ್ತದೆ ಎಂದು ಹೇಳುವುದು ಅವಳ ಪಾಲಿಗೆ ಮೈಗಳ್ಳತನ. ಇಂಥ ತಪ್ಪು ನಮ್ಮ ಮನೆಯಲ್ಲಿ ಬೆಳೆದವಳು ಮಾತ್ರ ಮಾಡಲು ಸಾಧ್ಯ.

"ನಿನ್ನ ಗಟ್ಟಿತನಕ್ಕೆ ಬೆಂಕಿ ಹಾಕ!" ಎಂದು ಕೂಗಿದೆ. "ಇವತ್ತು ನನ್ನ ಭುಜ ಹರಿದುಹೋಗ್ತಿತ್ತು. ಕೇಳಿದ್ರೆ, ಈ ಗೆರೆಯೊಳಗೆ ಯಾರಿಗೂ ನೋವಾಗಲ್ಲ ಅಂತಾನೆ. ಯಾರ ಗೆರೆ ಅದು? ನಿಂದು! ಒಬ್ಬ ವಯಸ್ಸಾದ ಮನುಷ್ಯ ಕೈ ಹೋದ್ರೆ ಹೋಗ್ಲಿ ಅಂತ ಎದ್ದು ಹೋದ್ರು. ಅವರನ್ನ ಸೋಮಾರಿ ಅಂತಾರೆ ಅಲ್ಲಿ."

"ನೀನು ಮೊದಲಿಂದ್ಲೂ ಹೀಗೇ. ಚೂರು ಏನಾದ್ರೂ ಆದ್ರೆ ಭೂಮಿ ಆಕಾಶ ಒಂದು ಮಾಡ್ತೀಯ."

"ಆ ಡ್ರೈವರೂ ಮಾಡಿದ್ರಾ? ಅವರು ತುಟಿ ಬಿಚ್ಚಲಿಲ್ಲ. ನಿನ್ನ ಹಾಗೇ."

ಅಕ್ಕನ ಕೈ ಬೆಳ್ಳುಳ್ಳಿಯ ಮೇಲೆ ನಿಂತಿತು. ಮಾತಾಡಿದಾಗ ದನಿ ಸಣ್ಣಗಾಗಿತ್ತು. "ಅಷ್ಟು ಓದಿದೋರು ನನ್ನ ಹೊಗಳಿದ್ದು ಅದೊಂದಕ್ಕೇ ಕಣೆ. ನಾನು ಹೋಗಿ, ಅದು ತಪ್ಪು ಅಂತ ಹೇಳ್ಲಾ? ಹೇಳಿದ ಮೇಲೆ ನಾನು ಅಲ್ಲಿ ಯಾರು?"

ಪಾಪ ಅನ್ನಿಸಿತು. ಸಿಟ್ಟು ಮಾತ್ರ ಇಳಿಯಲಿಲ್ಲ. "ಹೇಳದಿದ್ರೆ ನಾಳೆಯಿಂದ ನಾನೂ ಆ ಮಿಷಿನ್‌ಗೆ ಕೂರಲ್ಲ. ನನ್ನ ಅಂಗಡಿ ಮುಚ್ಚಿಸಿದ ಪುಣ್ಯ ನಿನಗೇ ಇರ್ಲಿ."

ಭಾವ ಸಕ್ಕರೆ ಡಬ್ಬ ಹಿಡಿದುಕೊಂಡು ನಿಂತೇ ಇದ್ದರು. "ಬೆಳಿಗ್ಗೆ ಇಬ್ಬರನ್ನೂ ಟ್ಯಾಕ್ಸಿಲಿ ಬಿಡ್ತೀನಿ," ಎಂದರು. "ಸೈರನ್ ಮುಂದಿದ್ರೆ ಸಿಗ್ನಲ್ಲೂ ಅಡ್ಡ ಬರಲ್ಲ."

ನಗು ಬರಲಿಲ್ಲ ಇಬ್ಬರಿಗೂ. ಆದರೆ ಅಕ್ಕ ಬರುವುದಿಲ್ಲ ಎನ್ನಲೂ ಇಲ್ಲ.

ಮಾರನೆಯ ಬೆಳಿಗ್ಗೆ ಟೈರ್ ಅಂಗಡಿಯ ಮೆಟ್ಟಿಲು ಹತ್ತಿದೆವು. ಎಂಜಿನಿಯರ್ ನಮ್ಮನ್ನು ನೋಡಿ ಖುಷಿಪಟ್ಟು, "ತಂಗೀನಾ? ಭುಜ ಹೇಗಿದೆ?" ಎಂದಳು. ಅಕ್ಕ ಬಾಯಿ ತೆರೆಯುತ್ತಾಳೇನೋ ಎಂದು ಕಾದೆ. ಅವಳು ಅಸ್ಥಿಪಂಜರದ ಟೋಪಿ ಸರಿಮಾಡುತ್ತಾ ನಿಂತಳು. ಕೊನೆಗೆ ನಾನೇ ಎಲ್ಲವನ್ನೂ ಮುಖಕ್ಕೆ ಹೊಡೆದಂತೆ ಹೇಳಿದೆ.

ಎಂಜಿನಿಯರಳ ಮುಖ ಕಪ್ಪಿಟ್ಟಿತು. "ಪ್ರತಿ ಸಲ ಕೇಳಿದ್ದೀನಿ ನಾನು. ನೋವಾಯ್ತಾ ಅಕ್ಕ, ನೋವಾಯ್ತಾ ಅಕ್ಕ ಅಂತ. ಪ್ರತಿ ಸಲ ಇಲ್ಲ ಅಂದಿದ್ದಾರೆ. ಬಟನ್ ಅವರ ಕೈಯಲ್ಲೇ ಇತ್ತು. ನಾನು ಇನ್ನೇನು ಮಾಡ್ಬೇಕಿತ್ತು, ಹೇಳಿ?"

ಉತ್ತರವಿಲ್ಲದಾಗ ನಾನು ಇನ್ನೂ ಜೋರಾಗಿ ಕೂಗುತ್ತೇನೆ. "ಬೇರೆಯವರು ಒತ್ತಿದ್ರಲ್ಲ, ಅವರದ್ದೇನಾಯ್ತು?"

"ಅವರದ್ದು ಒಂದಕ್ಕೊಂದು ತಾಳೆ ಆಗ್ತಿರ್ಲಿಲ್ಲ. ಹೆದರಿಕೆಗೆ ಒತ್ತುತ್ತಾರೆ ಅಂದ್ಕೊಂಡು ಬಿಟ್ವಿ."

"ನೋವು ದಿನಾ ಒಂದೇ ಥರ ಇರುತ್ತೇನ್ರೀ? ನೋಡ್ಕೊಂಡು ಬರೋಕೆ ಅದೇನು ಗಡಿಯಾರನಾ?"

ಅವಳು ನೆತ್ತಿಯ ಮೇಲಿನ ಕನ್ನಡಕವನ್ನು ಇಳಿಸಿ ಹಾಕಿಕೊಂಡಳು. ಆಸ್ಪತ್ರೆಗಳಲ್ಲಿ ಜನ ಅರ್ಧಕ್ಕೇ ಬಿಟ್ಟುಹೋಗುತ್ತಾರೆ ಎಂದು ದೂರು ಬರುತ್ತಲೇ ಇದೆ, ಅದು ಆಸ್ಪತ್ರೆಯವರ ಬೇಜವಾಬ್ದಾರಿ ಎಂದುಕೊಂಡಿದ್ದೆವು ಎಂದು ತಾನಾಗಿಯೇ ಹೇಳಿದಳು. ಆಮೇಲೆ ಅಕ್ಕನ ಕಡೆ ತಿರುಗಿ, "ಇನ್ನೊಂದು ಸಲ ಕೂತ್ಕೊತೀರಾ ಅಕ್ಕ? ಮತ್ತೆ ಅಳೆಯೋಣ," ಎಂದಳು.

ಅಕ್ಕ ಕೂತಳು. ಪಟ್ಟಿ ಬಿಗಿಯಿತು. ಎಡಗೈಗೆ ಬಟನ್ ಬಂತು. ನಾನು ಅವಳ ಚಪ್ಪಲಿ ಬಿಡಿಸಿ, ಎದುರಿಗೆ ಗಿಡ್ಡ ಸ್ಟೂಲಿನ ಮೇಲೆ ಕೂತೆ.

ಲೋಹದ ತೋಳು ಎದ್ದಿತು. ಅಕ್ಕನ ಮುಖದಲ್ಲಿ ಏನೂ ಇಲ್ಲ. ಪರದೆಯ ಗೆರೆ ಕೆಂಪಿಗೆ ಇನ್ನೂ ಬಹಳ ದೂರವಿತ್ತು. ಎಡಗಾಲಿನ ಹೆಬ್ಬೆರಳು ಮೆಲ್ಲಗೆ ಒಳಕ್ಕೆ ಮಡಚಿಕೊಂಡಿತು.

"ನಿಲ್ಸಿ!" ಎಂದು ಕಿರುಚಿದೆ.

ಎಂಜಿನಿಯರ್ ನಿಲ್ಲಿಸಿದಳು. ಅಕ್ಕನ ಕೈಯ ಹೆಬ್ಬೆರಳು ಬಟನ್ ಮೇಲೆ ಸುಮ್ಮನೆ ಕೂತಿತ್ತು, ಒತ್ತಿರಲಿಲ್ಲ. ಕಾಲಿನ ಹೆಬ್ಬೆರಳ ಕತೆ ಹೇಳಿದೆ. ಎಂಜಿನಿಯರ್ ಮತ್ತೊಮ್ಮೆ ಯಂತ್ರ ಚಾಲೂ ಮಾಡಿ, ಈ ಸಲ ಪರದೆ ಬಿಟ್ಟು ಅಕ್ಕನ ಪಾದ ನೋಡಿದಳು. ಮತ್ತೆ ಅಲ್ಲೇ ಮಡಚಿತು. ಪರದೆಯ ಗೆರೆ ಕೆಂಪು ಗೆರೆಯ ಅರ್ಧಕ್ಕೂ ಬಂದಿರಲಿಲ್ಲ.

ಅವಳು ಬೆವರು ಒರೆಸಿಕೊಂಡು ಆಸ್ಪತ್ರೆಗೆ ಫೋನ್ ಮಾಡಿದಳು. "ಹೊಸ ಗೆರೆ ಹಾಕೋವರೆಗೂ ಯಾರನ್ನೂ ಕೂರಿಸ್ಬೇಡಿ. ಹೌದು, ಎಲ್ಲಾ ಕಡೆಗೂ ಹೇಳ್ತಿದ್ದೀನಿ. ರೋಗಿ ಕೈಗೆ ಬಟನ್ ವಾಪಸ್ ಹಾಕಿಕೊಡ್ತೀವಿ." ನನ್ನ ಎದೆಯ ಭಾರ ಇಳಿಯಿತು. ಲಾರಿ ಡ್ರೈವರ್ ಮನೆ ಎಲ್ಲಿ ಎಂದು ಫಿಸಿಯೋನನ್ನು ಕೇಳಬೇಕು ಎಂದುಕೊಂಡೆ. ಗೆದ್ದೆ ಅನ್ನಿಸಿತು.

ಫೋನ್ ಇಟ್ಟ ಎಂಜಿನಿಯರಳ ಕಣ್ಣು ಹೊಳೆಯತೊಡಗಿತ್ತು. ಅಕ್ಕನ ಪಾದವನ್ನೇ ನೋಡುತ್ತಿದ್ದಳು. "ಕಾಲಿಡೋ ಜಾಗದಲ್ಲಿ ಒಂದು ತೆಳು ಸೆನ್ಸರ್ ಹಾಸಿದ್ರೆ ಹೇಗೆ? ಬೆರಳು ಮಡಚಿದ್ದು ಅದಕ್ಕೆ ಗೊತ್ತಾಗುತ್ತೆ. ಆಗ ಹೇಳದೇ ಇರೋರ ನೋವೂ..."

"ಸಾಕು."

ಅಷ್ಟು ಗಟ್ಟಿಯಾಗಿ ಅಕ್ಕ ಮಾತಾಡಿದ್ದನ್ನು ನಾನು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಪಕ್ಕದ ಮೇಜಿನವರೆಲ್ಲ ತಿರುಗಿ ನೋಡಿದರು.

"ನನ್ನ ಕಾಲನ್ನ ಕೇಳ್ಬೇಡಿ," ಎಂದಳು. "ನನ್ನ ಕೇಳಿ."

"ಅಕ್ಕಾ, ಇಷ್ಟು ದಿನ ನಿನ್ನನ್ನೇ ಕೇಳಿ ತಾನೇ..." ಎಂದು ನಾನು ಬಾಯಿ ಹಾಕಿದೆ.

"ನೀನು ಬಾಯ್ಮುಚ್ಚು!" ಅವಳು ನನ್ನ ಕಡೆ ತಿರುಗಿದಳು. ಕಣ್ಣು ಕೆಂಡವಾಗಿತ್ತು. "ನನ್ನ ನೋವಿಗೆ ನೀನ್ಯಾಕೆ ಕಿರುಚ್ತೀಯ? ಚಿಕ್ಕೋಳಿದ್ದಾಗಿಂದ ಇದೇ ಆಯ್ತು. ನಿನ್ನ ಪಾಲಿಂದೂ ನೀನೇ ಕಿರುಚಿದೆ, ನನ್ನ ಪಾಲಿಂದೂ ನೀನೇ ಕಿರುಚಿದೆ. ಮನೆಯೆಲ್ಲ ನಿನ್ನ ಹಿಂದೆ ಓಡೋದು. ನನ್ನ ಹಿಂದೆ ಓಡೋಕೆ ಯಾರು ಉಳೀತಿದ್ರು? ಸುಮ್ನಿದ್ರೆ ಹೊಗಳ್ತಿದ್ರು, ಅಷ್ಟಾದ್ರೂ ಸಿಗ್ಲಿ ಅಂತ ಸುಮ್ನಿದ್ದೆ."

ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

"ಹಾಕಿ ಮಿಷಿನ್ನು," ಎಂದಳು ಅಕ್ಕ, ಎಂಜಿನಿಯರಳಿಗೆ.

ಯಂತ್ರ ಗುಂಯ್ ಎಂದಿತು. ನಾನು ಅಭ್ಯಾಸಬಲದಿಂದ ಪಾದ ನೋಡಿದೆ. ಹೆಬ್ಬೆರಳು ನೆಟ್ಟಗೇ ಇತ್ತು. ಲೋಹದ ತೋಳು ಅಕ್ಕನ ಕೈಯನ್ನು ಕುರ್ಚಿಯಿಂದ ಇನ್ನೇನು ಬಿಡಿಸಿತ್ತು ಅಷ್ಟೇ, ಟಕ್ ಎಂದು ಬಟನ್ ಒತ್ತಿದ ಸದ್ದಾಯಿತು. ಯಂತ್ರ ನಿಂತಿತು.

ಎಂಜಿನಿಯರ್ ಪರದೆ ನೋಡಿ, "ಅಕ್ಕ, ಇದಿನ್ನೂ ಶುರುವೇ ಆಗಿಲ್ಲ," ಎಂದಳು. "ಕೈ ತಗುಲಿಬಿಡ್ತಾ?"

"ಇಲ್ಲ. ಇಲ್ಲೇ ನೋವು."

"ಆದ್ರೆ ಬೆರಳು ಇನ್ನೂ..."

"ಬೆರಳಿಗೇನು ಗೊತ್ತು?"

ನಾನು ಪಾದವನ್ನು ನೋಡಿದೆ, ಅವಳ ಮುಖವನ್ನು ನೋಡಿದೆ. ಅವಳ ನೋವು ಗೊತ್ತಿದ್ದವಳು ಲೋಕದಲ್ಲಿ ನಾನೊಬ್ಬಳೇ ಎಂದು ಬೀಗಿಕೊಂಡು ಬಂದಿದ್ದೆನಲ್ಲ! ವರ್ಷಗಟ್ಟಲೆ ಆ ಯಂತ್ರಕ್ಕೆ ತೋಳು ಕೊಟ್ಟು ಕೆಟ್ಟ, ಕೈ ಅಷ್ಟೂ ಎತ್ತಲಾಗದ ಭುಜ ಹೊತ್ತುಕೊಂಡು ಅವಳು ನಿನ್ನೆ ನನ್ನ ಭುಜವನ್ನು ವಿಚಾರಿಸಿದ್ದಳು. ಆ ಕುರ್ಚಿಯ ಮೇಲೆ, ಎಂಜಿನಿಯರಳ ಮೇಲೆ, ತೀರಿಹೋದ ಅಮ್ಮನ ಮೇಲೆ, ನನ್ನ ಮೇಲೆ, ಎಲ್ಲದರ ಮೇಲೂ ಒಟ್ಟಿಗೇ ಸಿಟ್ಟು ಬಂದು ಕಣ್ಣು ತುಂಬಿತು.

"ಯಾವಾಗಿಂದ ಅಕ್ಕ?" ಎಂದು ಕೇಳಿದೆ.

ಅಕ್ಕ ಬಟನ್ ಅನ್ನು ತೊಡೆಯ ಮೇಲಿಟ್ಟು, ಎಡಗೈಯಿಂದ ಕುತ್ತಿಗೆಯ ಹಿಂದಿನ ಗಿಡ್ಡ ಕೂದಲನ್ನು ಸವರಿಕೊಂಡಳು.

"ಜಡೆ ಹಾಕ್ಕೊಳ್ಳೋಕೆ ಕೈ ಏಳ್ತಿರ್ಲಿಲ್ಲ ಕಣೆ," ಎಂದಳು. "ಅದಕ್ಕೇ ಕತ್ತರಿಸಿಬಿಟ್ಟೆ."